ಚಿತ್ರ ನಿಂತರೂ ಪಾಠ ನಿಲ್ಲಬಾರದು

(ಶಿವಮೊಗ್ಗದಲ್ಲಿ ಶಾಲಾ ಶಿಕ್ಷಕರ ಎದುರು ಆಡಿದ ಮಾತುಗಳ ಬರಹ ರೂಪ)

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ, ಕೈ ಎತ್ತಿ. ಜುಲೈ ತಿಂಗಳಲ್ಲಿ ಕರೆಂಟ್ ಹೋಗಿ ಅರ್ಧ ದಿನ ಆದಮೇಲೂ ಫೋನಿಗೆ ಸಿಗ್ನಲ್ ಬರುವ ಊರಿನವರು ಎಷ್ಟು ಜನ? ನೋಡಿ, ಶಿವಮೊಗ್ಗ ಪೇಟೆಯವರು, ಭದ್ರಾವತಿಯವರು ಕೈ ಎತ್ತಿದ್ದೀರಿ. ಹೊಸನಗರ, ತೀರ್ಥಹಳ್ಳಿ, ಸಾಗರದ ಹಿನ್ನೀರಿನ ಕಡೆಯವರು ಸುಮ್ನೆ ಕೂತಿದ್ದೀರಿ. ನಾನು ಇವತ್ತು ಮಾತಾಡಬೇಕು ಅಂತ ಬಂದಿರುವುದು ಹಾಗೆ ಸುಮ್ನೆ ಕೂತವರ ಶಾಲೆಗಳಿಗೆ ಲೈವ್ ಪಾಠ, ಅಂದರೆ ನೇರ ಪ್ರಸಾರದ ಪಾಠ, ತಲುಪಿಸುವುದರ ಬಗ್ಗೆ.

ಲೈವ್ ಪಾಠ ಅಂದ ತಕ್ಷಣ ನಮಗೆಲ್ಲ 2020 ನೆನಪಾಗುತ್ತದೆ. ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಜುಲೈಯಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ ಶುರುವಾಯಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಮರದ ಕೆಳಗೆ, ದೇವಸ್ಥಾನದ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡೆವು. ಮನೆಯಲ್ಲಿ ಒಳ್ಳೆ ಫೋನ್ ಇದ್ದವರಿಗೆ ಆನ್‌ಲೈನ್ ಕ್ಲಾಸ್. ನಮ್ಮ ಮಕ್ಕಳು ಸಿಗ್ನಲ್‌ಗೋಸ್ಕರ ಗುಡ್ಡ ಹತ್ತಿದರು. ನೆಟ್‌ವರ್ಕ್ ಕೊಡದಿದ್ದರೆ ಮತ ಹಾಕುವುದಿಲ್ಲ ಅಂತ ಮಲೆನಾಡಿನ ಜನ ಬೋರ್ಡ್ ಹಿಡಿದದ್ದೂ ಆ ದಿನಗಳಲ್ಲೇ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಒಂದು ಫೋಟೋ ಎಲ್ಲರ ಫೋನಿಗೂ ಬಂದಿತ್ತು, ನೆನಪಿದೆಯಲ್ವಾ? ರಸ್ತೆ ಬದಿಯಲ್ಲಿ ಕೂತು ಪಾಠ ಕೇಳುತ್ತಿರುವ ಹುಡುಗಿ, ಅವಳಿಗೆ ಕೊಡೆ ಹಿಡಿದು ನಿಂತ ಅಪ್ಪ.

ಆ ಅಪ್ಪನನ್ನು ಎಲ್ಲರೂ ಹೊಗಳಿದರು, ಹೊಗಳಬೇಕಾದದ್ದೇ. ಆದರೆ ಪಾಠ ಮಾಡುವ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಮಳೆಯಲ್ಲಿ ಕೂತು, ಅದೇ ಹೊತ್ತಿಗೆ, ನೇರವಾಗಿಯೇ ಕೇಳಬೇಕು ಅನ್ನುವಂಥದ್ದು ನಮ್ಮ ಪಾಠದಲ್ಲಿ ಏನಿರುತ್ತದೆ? ಪುಸ್ತಕದಲ್ಲಿರುವುದನ್ನೇ ನಲವತ್ತು ನಿಮಿಷ ಓದಿ ಹೇಳುವುದಾದರೆ ಅದನ್ನು ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಕು. ಮಗು ಸಿಗ್ನಲ್ ಸಿಕ್ಕಾಗ ಇಳಿಸಿಕೊಂಡು, ಮನೆಯೊಳಗೆ ಬೆಚ್ಚಗೆ ಕೂತು ಕೇಳುತ್ತದೆ. ನೇರ ಪ್ರಸಾರಕ್ಕೆ ಮಗುವನ್ನು ಕರೆಯುವುದಾದರೆ ಆ ಹೊತ್ತಿನಲ್ಲಿ ಮಾತ್ರ ಸಿಗುವುದು ಏನಾದರೂ ಅಲ್ಲಿರಬೇಕು.

ಅಂಥದ್ದು ಏನು? ಒಂದು ಉದಾಹರಣೆ ನಿಮಗೆಲ್ಲ ಗೊತ್ತಿದೆ. 2023ರ ಆಗಸ್ಟ್ 23, ಸಂಜೆ 6 ಗಂಟೆ ದಾಟಿ ನಾಲ್ಕು ನಿಮಿಷ. ಚಂದ್ರಯಾನ-3 ಇಳಿದದ್ದು. ಇಸ್ರೋದ ಯೂಟ್ಯೂಬ್ ಪ್ರಸಾರವನ್ನು ಒಂದೇ ಹೊತ್ತಿಗೆ 80 ಲಕ್ಷಕ್ಕಿಂತ ಜಾಸ್ತಿ ಜನ ನೋಡುತ್ತಿದ್ದರು. ನಮ್ಮ ಎಷ್ಟೋ ಶಾಲೆಗಳು ಸಂಜೆಯವರೆಗೆ ಮಕ್ಕಳನ್ನು ಉಳಿಸಿಕೊಂಡವು. ಆ ಪ್ರಸಾರದಲ್ಲಿ ನೋಡುವುದಕ್ಕೆ ಇದ್ದದ್ದು ಕಡಿಮೆ. ಒಂದು ಗೆರೆ, ಒಂದಷ್ಟು ಅಂಕಿ, ಕಂಪ್ಯೂಟರ್ ಮುಂದೆ ಕೂತ ವಿಜ್ಞಾನಿಗಳು, ಅಷ್ಟೇ. ಆದರೂ ಮಕ್ಕಳು ಉಸಿರು ಬಿಗಿ ಹಿಡಿದು ಕೂತಿದ್ದರು. ಯಾಕೆ? 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಕೊನೆ ಗಳಿಗೆಯಲ್ಲಿ ಸಂಪರ್ಕ ಕಳೆದುಕೊಂಡದ್ದು ಅವರಿಗೆ ಗೊತ್ತಿತ್ತು. ಈ ಸಲ ಏನಾಗುತ್ತದೆ ಅಂತ ಮೇಷ್ಟ್ರಿಗೂ ಗೊತ್ತಿಲ್ಲ, ಪ್ರಧಾನಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಎಲ್ಲರೂ ಒಟ್ಟಿಗೆ ಕಾಯುವುದು, ಅದು ನೇರ ಪ್ರಸಾರಕ್ಕೆ ಮಾತ್ರ ಸಾಧ್ಯ.

ನಮ್ಮ ತರಗತಿಗೆ ದಿನಾ ಚಂದ್ರಯಾನ ಬರುವುದಿಲ್ಲ. ಆದರೆ ಮುಂದೇನು ಅಂತ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಪ್ರತಿ ತರಗತಿಯಲ್ಲೂ ಇರುತ್ತದೆ. ಮಕ್ಕಳು ಏನು ಕೇಳುತ್ತಾರೆ ಅನ್ನುವುದು. ಲೈವ್ ಇರಬೇಕಾದದ್ದು ಅದಕ್ಕೆ. ನಮ್ಮ ವಿವರಣೆ ಮೊದಲೇ ರೆಕಾರ್ಡ್ ಆಗಿ ಹೋಗಲಿ. ಪ್ರಶ್ನೆ, ಅನುಮಾನ, ತಪ್ಪು ಉತ್ತರ, ಅದರ ಮೇಲೆ ಚರ್ಚೆ, ಇವಕ್ಕೆ ಲೈವ್ ಇಟ್ಟುಕೊಳ್ಳೋಣ.

ಹಳೆಯ ಕತೆ ಸ್ವಲ್ಪ ಹೇಳುತ್ತೇನೆ. 1975ರ ಆಗಸ್ಟ್‌ನಿಂದ ಒಂದು ವರ್ಷ ನಮ್ಮ ದೇಶದ 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ಪಾಠ ಬಂತು. ಅಮೆರಿಕದ ನಾಸಾ ತನ್ನ ಉಪಗ್ರಹ ಕೊಟ್ಟಿತ್ತು, ಕಾರ್ಯಕ್ರಮದ ಹೆಸರು ಸೈಟ್. ಕರ್ನಾಟಕದಲ್ಲಿ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಆಮೇಲೆ 2004ರಲ್ಲಿ ಪಾಠಕ್ಕಾಗಿಯೇ ಎಜುಸ್ಯಾಟ್ ಅನ್ನುವ ಉಪಗ್ರಹ ಹಾರಿತು, ಚಾಮರಾಜನಗರದ ಶಾಲೆಗಳಲ್ಲಿ ಅದರ ಪ್ರಯೋಗ ನಡೆಯಿತು. ಅಂದರೆ ದೂರದಿಂದ ಪಾಠ ಕಳಿಸುವುದು ನಮಗೆ ಹೊಸದಲ್ಲ. ಐವತ್ತು ವರ್ಷ ಆಯಿತು. ಇವತ್ತು ಏನು ಹೊಸದು ಅಂದರೆ, ಕಳಿಸುವ ಯಂತ್ರ ಮೇಷ್ಟ್ರ ಜೇಬಿಗೇ ಬಂದಿದೆ, ಮತ್ತು ಆ ಕಡೆಯಿಂದ ಮಗು ತಿರುಗಿ ಮಾತಾಡಬಹುದು. ಎರಡನೆಯದನ್ನು ಬಳಸದೆ ಬಿಟ್ಟರೆ ನಾವು ಇನ್ನೂ 1975ರಲ್ಲೇ ಇದ್ದಂತೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ.

ನಮ್ಮ ತರಗತಿಯಲ್ಲಿ ಯಾರಿದ್ದಾರೆ? ಕಣ್ಣು ಕಾಣದ ಹುಡುಗ ಇರಬಹುದು. ಕಿವಿ ಕೇಳದ ಹುಡುಗಿ ಇರಬಹುದು. ಅಕ್ಷರಗಳು ಹಿಂದೆಮುಂದೆ ಆಗಿ ಕಾಣುವ, ಓದುವುದಕ್ಕೆ ತುಂಬಾ ಹೊತ್ತು ಬೇಕಾಗುವ ಮಗು ಇರಬಹುದು. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತ್ತು. 2016ರ ಕಾಯ್ದೆಯಲ್ಲಿ ಅದು 21 ಆಯಿತು. ಕಲಿಕೆಯ ತೊಂದರೆ, ಆಟಿಸಂ ಎಲ್ಲ ಸೇರಿದವು. ಇವುಗಳಲ್ಲಿ ಎಷ್ಟೋ, ಮಗುವನ್ನು ಸುಮ್ನೆ ನೋಡಿದರೆ ಗೊತ್ತೇ ಆಗುವುದಿಲ್ಲ. ಇದರ ಜೊತೆಗೆ ಮನೆಮಾತಿನ ವಿಷಯ. ಶಿಕಾರಿಪುರದ ತಾಂಡಾದಿಂದ ಬರುವ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ, ಭದ್ರಾವತಿಯ ಕೆಲವು ಮಕ್ಕಳು ತಮಿಳು, ಇನ್ನು ಉರ್ದು, ಕೊಂಕಣಿ. ಎಲ್ಲರೂ ಒಂದೇ ಬೆಂಚಿನ ಮೇಲೆ.

ಇಷ್ಟು ಬಗೆಯ ಮಕ್ಕಳಿಗೆ ಒಂದೇ ಲೈವ್ ಪಾಠ ಹೇಗೆ ಸಾಕಾಗುತ್ತದೆ ಅಂತ ನೀವು ಕೇಳಬಹುದು. ನನಗೆ ಕಂಡ ಒಂದು ಸಂಗತಿ ಹೇಳುತ್ತೇನೆ. ಪಾಠ ಆ ಕಡೆ ತಲುಪುವಾಗ ಪೂರ್ತಿಯಾಗಿ ತಲುಪುವುದು ಕಡಿಮೆ ಜನರಿಗೆ. ಕೆಲವರಿಗೆ ಧ್ವನಿ ಮಾತ್ರ ಸಿಗುತ್ತದೆ. ಕೆಲವರಿಗೆ ಚಿತ್ರ ಮಾತ್ರ. ಇನ್ನು ಕೆಲವರಿಗೆ ಆ ಹೊತ್ತಿಗೆ ಏನೂ ಸಿಗುವುದಿಲ್ಲ, ಆಮೇಲೆ ಸಿಗುತ್ತದೆ. ಈಗ ನೋಡಿ, ಧ್ವನಿ ಮಾತ್ರ ಸಿಗುವವರು ಯಾರು? ಕಣ್ಣು ಕಾಣದ ಹುಡುಗ, ಮತ್ತು ಆಗುಂಬೆ ಪಕ್ಕದ ಹಳ್ಳಿಯಲ್ಲಿ ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ಚಿತ್ರ ನಿಂತುಹೋದ ಹುಡುಗ. ಚಿತ್ರ ಮಾತ್ರ ಸಿಗುವವರು ಯಾರು? ಕಿವಿ ಕೇಳದ ಹುಡುಗಿ, ಮತ್ತು ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳಿಸದ ಮನೆಯ ಹುಡುಗಿ. ಆಮೇಲೆ ಸಿಗುವವರು ಯಾರು? ಒಂದೇ ಸಲಕ್ಕೆ ಅರ್ಥವಾಗದೆ ತಿರುಗಿ ತಿರುಗಿ ಕೇಳಬೇಕಾದ ಮಗು, ಮತ್ತು ಅಡಿಕೆ ಕೊಯ್ಲಿನ ಕಾಲದಲ್ಲಿ ಅಪ್ಪ ಅಮ್ಮನ ಜೊತೆ ಸುಲಿಯುವುದಕ್ಕೆ ಕೂತಿದ್ದು ರಾತ್ರಿ ಹತ್ತಕ್ಕೆ ಫೋನ್ ಕೈಗೆ ಸಿಕ್ಕ ಮಗು.

ಅಂದರೆ ವಿಶೇಷ ಚೇತನ ಮಗುವಿಗೆ ಬೇಕಾದದ್ದೂ ಮಲೆನಾಡಿನ ಮಗುವಿಗೆ ಬೇಕಾದದ್ದೂ ಬಹಳಷ್ಟು ಒಂದೇ. ಒಬ್ಬರಿಗೋಸ್ಕರ ಪಾಠ ಸರಿಮಾಡಿದರೆ ಇನ್ನೊಬ್ಬರಿಗೂ ಸಿಗುತ್ತದೆ. ಹಾಗಾಗಿ ಅತೀ ಕಡಿಮೆ ಸಿಗುವ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಪಾಠ ಕಟ್ಟಬೇಕು. ಒಳ್ಳೆ ಫೋನು, ಒಳ್ಳೆ ವೈಫೈ, ಒಳ್ಳೆ ಕಣ್ಣು ಕಿವಿ ಎಲ್ಲ ಇರುವ ಮಗು ಹೇಗೂ ಕಲಿಯುತ್ತದೆ.

ಧ್ವನಿ ಮಾತ್ರ ಸಿಗುವ ಮಗುವಿನಿಂದ ಶುರು ಮಾಡೋಣ. ಇಲ್ಲಿ ತಾಳಮದ್ದಳೆ ಕೇಳಿದವರು ತುಂಬಾ ಜನ ಇದ್ದೀರಿ. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಹಾಡುತ್ತಾರೆ, ಪಂಚೆ ಶಲ್ಯದ ಅರ್ಥಧಾರಿಗಳು ಎದುರುಬದುರು ಕೂತು ಬರೀ ಮಾತಿನಲ್ಲೇ ಕೌರವನ ಸಭೆ ಕಟ್ಟುತ್ತಾರೆ. ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲೇ ಇದು ಜಾಸ್ತಿ ನಡೆಯುವುದು. ಹೊರಗೆ ಜಡಿಮಳೆ, ಒಳಗೆ ಕೃಷ್ಣ ಸಂಧಾನ. ಅಲ್ಲಿ ಕಣ್ಣು ಮುಚ್ಚಿ ಕೂತವರಿಗೂ ಏನೂ ಕಡಿಮೆ ಆಗುವುದಿಲ್ಲ. ನಮ್ಮ ಲೈವ್ ಪಾಠ ಹಾಗಿರಬೇಕು. ಚಿತ್ರ ನಿಂತರೂ ಪಾಠ ಮುಂದೆ ಹೋಗುತ್ತಿರಬೇಕು.

ಇದು ಹೇಳಿದಷ್ಟು ಸುಲಭ ಅಲ್ಲ, ಯಾಕೆಂದರೆ ಬೋರ್ಡ್ ಮುಂದೆ ನಿಂತಾಗ ನಮ್ಮ ಬಾಯಲ್ಲಿ 'ಇದು', 'ಇಲ್ಲಿ', 'ಹೀಗೆ' ಅನ್ನುವ ಮಾತುಗಳೇ ಬರುತ್ತವೆ. "ಇದು ಇಲ್ಲಿಂದ ಇಲ್ಲಿಗೆ ಬಂತು, ಇದಕ್ಕೆ ಇದು ಸಮ, ಆಯ್ತಾ?" ಅನ್ನುತ್ತೇವೆ. ಕೇಳುವ ಹುಡುಗನಿಗೆ ಏನು ಸಿಕ್ಕಿತು? ಅದನ್ನೇ ಹೀಗೆ ಹೇಳಿ ನೋಡಿ: "ಎಬಿಸಿ ಒಂದು ತ್ರಿಭುಜ. ಬಿಸಿ ಕೆಳಗೆ ಮಲಗಿದ ಗೆರೆ, ಎ ಅದರ ಮೇಲ್ಗಡೆ ಇರುವ ಬಿಂದು. ಎಯಿಂದ ಬಿಸಿಗೆ ಒಂದು ಲಂಬ ಇಳಿಸುತ್ತೇನೆ, ಅದು ಮುಟ್ಟುವ ಜಾಗಕ್ಕೆ ಡಿ ಅಂತ ಹೆಸರು." ಕಣ್ಣು ಕಾಣುವ ಮಕ್ಕಳಿಗೂ ಇದು ಹೆಚ್ಚು ಗಟ್ಟಿಯಾಗಿ ಕೂರುತ್ತದೆ, ಏಕೆಂದರೆ ಅವರು ಕೇಳುತ್ತಾ ತಾವೇ ಚಿತ್ರ ಬರೆಯಬೇಕಾಗುತ್ತದೆ. ಕಣ್ಣು ಕಾಣದ ಮಗುವಿಗೆ ಹಿಂದಿನ ದಿನವೇ ರಟ್ಟಿನ ಮೇಲೆ ಹಿಡಿಕಡ್ಡಿ ಅಂಟಿಸಿದ ತ್ರಿಭುಜ ಕಳಿಸಿಕೊಟ್ಟರೆ, ನೀವು ಹೇಳುವ ಹೊತ್ತಿಗೆ ಅವನ ಬೆರಳು ಲಂಬದ ಮೇಲೆ ಇರುತ್ತದೆ.

ಚಾಟ್ ವಿಷಯದಲ್ಲೂ ಒಂದು ಗಮನ ಬೇಕು. ಕಣ್ಣು ಕಾಣದ ಮಕ್ಕಳು ಫೋನ್ ಬಳಸುವುದು ಟಾಕ್‌ಬ್ಯಾಕ್ ಹಾಕಿಕೊಂಡು, ಪರದೆಯ ಮೇಲಿರುವುದನ್ನು ಅದು ಓದಿ ಹೇಳುತ್ತದೆ. ಲೈವ್ ಚಾಟ್‌ನಲ್ಲಿ ಎಲ್ಲರೂ ಗುಡ್ ಮಾರ್ನಿಂಗ್ ಸರ್, ಗುಡ್ ಮಾರ್ನಿಂಗ್ ಮಿಸ್ ಅಂತ ಹಾಕುತ್ತಾ ಹೋದರೆ ಓದುವ ಧ್ವನಿಯೂ ನಿಮ್ಮ ಧ್ವನಿಯೂ ಒಂದರ ಮೇಲೊಂದು ಬಿದ್ದು ಆ ಮಗುವಿಗೆ ಎರಡೂ ಕೇಳಿಸುವುದಿಲ್ಲ. ಚಾಟ್ ಮುಚ್ಚಿಡು ಅಂತ ಅವನಿಗೆ ಹೇಳಿಕೊಡಿ, ಬಂದ ಪ್ರಶ್ನೆಗಳನ್ನು ಕೇಳಿದವರ ಹೆಸರು ಸೇರಿಸಿ ನೀವೇ ಗಟ್ಟಿಯಾಗಿ ಓದಿ. ಚಿತ್ರ ನಿಂತವರಿಗೂ ಅದೇ ಸಹಾಯ.

ಡೇಟಾ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸಾಧಾರಣ ಗುಣಮಟ್ಟದ ವಿಡಿಯೋ ಸೆಕೆಂಡಿಗೆ 1 ಮೆಗಾಬಿಟ್ ಅಂತ ಇಟ್ಟುಕೊಂಡರೆ ಗಂಟೆಗೆ 450 ಎಂಬಿ ಹೋಗುತ್ತದೆ. ಧ್ವನಿ ಮಾತ್ರ, 64 ಕಿಲೋಬಿಟ್‌ನಲ್ಲಿ ಕಳಿಸಿದರೆ ಗಂಟೆಗೆ 29 ಎಂಬಿ ಸಾಕು. ಮನೆಗೆ ಒಂದೇ ಫೋನ್, ಅದಕ್ಕೆ ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್, ಅದರಲ್ಲಿ ಅಕ್ಕನಿಗೂ ತಮ್ಮನಿಗೂ ಪಾಠ ಆಗಬೇಕು. ಹಾಗಾಗಿ ಲೈವ್ ಮುಗಿದ ಕೂಡಲೇ ಆ ಪಾಠದ ಧ್ವನಿಯನ್ನು ಮಾತ್ರ ಬೇರೆ ಮಾಡಿ ವಾಟ್ಸಾಪ್‌ಗೆ ಹಾಕುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಮತ್ತೆ ಮೈಕ್. ಕ್ಯಾಮೆರಾಕ್ಕೆ ದುಡ್ಡು ಹಾಕುವ ಮೊದಲು ಮೈಕ್‌ಗೆ ಹಾಕಿ. ಕೆಲವೇ ನೂರು ರೂಪಾಯಿಗೆ ವಯರ್ ಇರುವ ಕಾಲರ್ ಮೈಕ್ ಸಿಗುತ್ತದೆ. ಫೋನನ್ನು ದೂರದಲ್ಲಿಟ್ಟು ಅದರದೇ ಮೈಕ್ ನಂಬಿದರೆ ನಮ್ಮ ಶಾಲೆಗಳ ಮಾಡಿನ ಮೇಲೆ ಬೀಳುವ ಮಳೆಯೇ ಪಾಠ ಮಾಡುತ್ತದೆ.

ಇನ್ನು ಕಿವಿ ಕೇಳದ ಮಕ್ಕಳು. ಇಲ್ಲಿ ಕೆಲಸ ಜಾಸ್ತಿ ಇದೆ, ಮತ್ತು ನಾವು ಇದರಲ್ಲಿ ತುಂಬಾ ಹಿಂದೆ ಇದ್ದೇವೆ. ಭಾರತೀಯ ಸನ್ನೆ ಭಾಷೆಗೆ ದೆಹಲಿಯಲ್ಲಿ 2015ರಲ್ಲಿ ಒಂದು ರಾಷ್ಟ್ರೀಯ ಕೇಂದ್ರ ಆಯಿತು. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಟಿವಿ ಪಾಠಗಳ ಯೋಜನೆ ಪಿಎಂ ಇ-ವಿದ್ಯಾದ 31ನೇ ಚಾನೆಲ್ ಅನ್ನು ಸನ್ನೆ ಭಾಷೆಗೇ ಮೀಸಲಿಟ್ಟರು. ಇವೆಲ್ಲ ಒಳ್ಳೆಯದೇ. ಆದರೆ ನಮ್ಮ ತಾಲೂಕಿನ ಶಾಲೆಯಲ್ಲಿ ಸನ್ನೆ ಭಾಷೆ ಬಲ್ಲವರು ಪಕ್ಕದಲ್ಲಿ ಸಿಗುವುದಿಲ್ಲ ಅಂತ ನಿಮಗೂ ಗೊತ್ತು. ಸಿಕ್ಕಿದರೆ ಅವರನ್ನು ಪರದೆಯ ಮೂಲೆಯಲ್ಲಿ ಸ್ಟಾಂಪ್ ಸೈಜಿನಲ್ಲಿ ಕೂರಿಸಬೇಡಿ. ಸಿಗ್ನಲ್ ಇಳಿದಾಗ ಯೂಟ್ಯೂಬ್ ತಾನಾಗಿಯೇ ಚಿತ್ರವನ್ನು ಮಬ್ಬು ಮಾಡುತ್ತದೆ, ಆಗ ಅಷ್ಟು ಸಣ್ಣ ಚೌಕದಲ್ಲಿ ಬೆರಳುಗಳು ಒಂದಕ್ಕೊಂದು ಅಂಟಿಹೋಗುತ್ತವೆ. ಸನ್ನೆ ಮಾಡುವವರ ಅಂಗಿ ಒಂದೇ ಬಣ್ಣದ್ದಾಗಿರಲಿ, ಕೈಯ ಬಣ್ಣಕ್ಕಿಂತ ಬೇರೆಯಾಗಿ ಕಾಣಲಿ. ಹೂವಿನ ಸೀರೆ, ಗೆರೆ ಅಂಗಿ ಬೇಡ.

ಸನ್ನೆ ಬಲ್ಲವರು ಸಿಗದಿದ್ದಾಗ ಕೈಕಟ್ಟಿ ಕೂರಬೇಕಾಗಿಲ್ಲ. ತುಟಿ ನೋಡಿ ಮಾತು ಹಿಡಿಯುವ ಮಕ್ಕಳಿದ್ದಾರೆ. ಅವರಿಗೆ ನಿಮ್ಮ ಮುಖ ಕಾಣಬೇಕು. ಮಳೆಗಾಲದಲ್ಲಿ ನಮ್ಮ ತರಗತಿಗಳು ಹಗಲಲ್ಲೇ ಕತ್ತಲು. ಕಿಟಕಿ ನಿಮ್ಮ ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಅದಕ್ಕೆ ಕಿಟಕಿಗೆ ಮುಖ ಮಾಡಿ ನಿಲ್ಲಿ. ಬೋರ್ಡ್ ಕಡೆ ತಿರುಗಿ ಬರೆಯುವಾಗ ಮಾತಾಡಬೇಡಿ, ಬರೆದು ಮುಗಿಸಿ, ತಿರುಗಿ, ಆಮೇಲೆ ಮಾತಾಡಿ. ಇನ್ನೊಬ್ಬ ಶಿಕ್ಷಕರೋ ದೊಡ್ಡ ತರಗತಿಯ ಹುಡುಗಿಯೋ ಪಕ್ಕದಲ್ಲಿ ಕೂತು ಪಾಠದ ಮುಖ್ಯ ಪದಗಳನ್ನು ಚಾಟ್‌ನಲ್ಲಿ ಹಾಕುತ್ತಾ ಹೋಗಲಿ. ಮಾತನ್ನು ಅಕ್ಷರ ಮಾಡಿ ಪರದೆಯ ಮೇಲೆ ತೋರಿಸುವ, ತಾನಾಗಿ ಬರುವ ಕ್ಯಾಪ್ಷನ್ ಅನ್ನೇ ನಂಬಬೇಡಿ. ನಮ್ಮ ಉಚ್ಚಾರಣೆ, ಪಾಠದ ಪಾರಿಭಾಷಿಕ ಪದ, ಮಳೆಯ ಸದ್ದು ಎಲ್ಲ ಸೇರಿದರೆ ಅದು ಏನೇನೋ ಬರೆಯುತ್ತದೆ. ಕಿವಿ ಕೇಳದ ಮಗುವಿಗೆ ಅದು ತಪ್ಪು ಅಂತ ಗೊತ್ತಾಗುವ ದಾರಿಯೇ ಇಲ್ಲ, ಅದನ್ನೇ ಪರೀಕ್ಷೆಯಲ್ಲಿ ಬರೆದುಬಿಡುತ್ತದೆ.

ಬಣ್ಣದ ಬಗ್ಗೆ ಒಂದೇ ಮಾತು. ಕೆಂಪು ಮತ್ತು ಹಸಿರು ಸೀಮೆಸುಣ್ಣದ ವ್ಯತ್ಯಾಸದ ಮೇಲೆ ಅರ್ಥ ನಿಲ್ಲಿಸಬೇಡಿ. ಆ ಎರಡು ಬಣ್ಣ ಬೇರೆಬೇರೆಯಾಗಿ ಕಾಣದ ಮಕ್ಕಳು, ಅದರಲ್ಲೂ ಹುಡುಗರು, ಯಾವ ಶಾಲೆಯಲ್ಲೂ ಇರಬಹುದು.

ಈಗ ತಡವಾಗಿ ಕೇಳಿಸುವುದರ ಬಗ್ಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಲೈವ್ ಪಾಠ ಕೆಡುವುದು ಬಹಳಷ್ಟು ಇಲ್ಲಿಯೇ. ನೀವು ಮಾತಾಡಿದ್ದು ಮಗುವಿಗೆ ಅದೇ ಕ್ಷಣ ಕೇಳುವುದಿಲ್ಲ. ಯೂಟ್ಯೂಬ್ ನಿಮ್ಮ ವಿಡಿಯೋವನ್ನು ತೆಗೆದುಕೊಂಡು ಹಲವು ಗುಣಮಟ್ಟಗಳಲ್ಲಿ ಮತ್ತೆ ತಯಾರು ಮಾಡುತ್ತದೆ, ಕೆಲವು ಸೆಕೆಂಡುಗಳ ತುಂಡು ತುಂಡಾಗಿ ಕತ್ತರಿಸಿ ಕಳಿಸುತ್ತದೆ, ಮಗುವಿನ ಫೋನ್ ಒಂದಷ್ಟು ತುಂಡು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಇದರಿಂದ ಹದಿನೈದು, ಮೂವತ್ತು ಸೆಕೆಂಡ್ ಹಿಂದೆ ಬೀಳುವುದು ಸಾಮಾನ್ಯ. ಸೆಟ್ಟಿಂಗ್‌ನಲ್ಲಿ ಈ ತಡವನ್ನು ಕಡಿಮೆ ಮಾಡಬಹುದು. ಆದರೆ ಕಡಿಮೆ ಮಾಡಿದರೆ ಫೋನ್ ಕೂಡಿಟ್ಟುಕೊಳ್ಳುವ ತುಂಡುಗಳೂ ಕಡಿಮೆ, ಸಿಗ್ನಲ್ ಸ್ವಲ್ಪ ಅಲ್ಲಾಡಿದರೂ ಪಾಠ ನಿಂತು ಚಕ್ರ ತಿರುಗುತ್ತದೆ. ನಮ್ಮ ಕಡೆಗೆ ನಾರ್ಮಲ್ ಅಂತ ಇರುವುದನ್ನೇ ಇಟ್ಟುಕೊಳ್ಳಿ. ತಡವಾದರೂ ತುಂಡಾಗದೆ ಬರುವುದು ಮುಖ್ಯ. ಗೂಗಲ್ ಮೀಟ್, ಜೂಮ್‌ನಲ್ಲಿ ತಡ ಒಂದು ಸೆಕೆಂಡೂ ಇರುವುದಿಲ್ಲ, ಆದರೆ ಅಲ್ಲಿ ಕಳೆದುಹೋದ ಮಾತು ಹೋದದ್ದೇ. ಐದಾರು ಮಕ್ಕಳ ಜೊತೆ ಕೂತು ಓದಿಸುವುದಕ್ಕೆ ಮೀಟ್ ಒಳ್ಳೆಯದು, ನಾಲ್ಕೈದು ಶಾಲೆಗೆ ಒಟ್ಟಿಗೆ ಪಾಠ ಮಾಡುವುದಕ್ಕೆ ಯೂಟ್ಯೂಬ್ ಒಳ್ಳೆಯದು.

ಈ ತಡ ಗೊತ್ತಿಲ್ಲದೆ ಏನಾಗುತ್ತದೆ ನೋಡಿ. ಮೇಷ್ಟ್ರು "ಅರ್ಥ ಆಯ್ತಾ?" ಅಂತ ಕೇಳುತ್ತಾರೆ, ಮೂರು ಸೆಕೆಂಡ್ ಕಾಯುತ್ತಾರೆ, ಚಾಟ್ ಖಾಲಿ. ಸರಿ, ಎಲ್ಲರಿಗೂ ಅರ್ಥವಾಯಿತು ಅಂತ ಮುಂದಕ್ಕೆ ಹೋಗುತ್ತಾರೆ. ಆ ಹೊತ್ತಿಗೆ ಮಗುವಿಗೆ ಪ್ರಶ್ನೆಯೇ ತಲುಪಿಲ್ಲ! ತಲುಪಿ, ಯೋಚಿಸಿ, ನಿಧಾನವಾಗಿ ಟೈಪ್ ಮಾಡಿ ಕಳಿಸುವಾಗ ಪಾಠ ಮುಂದಿನ ಪುಟಕ್ಕೆ ಹೋಗಿರುತ್ತದೆ. ನಿಧಾನವಾಗಿ ಬರೆಯುವ ಮಗು ಎರಡು ಸಲ ಹೀಗಾದರೆ ಮೂರನೇ ಸಲ ಬರೆಯುವುದಿಲ್ಲ. ಅದಕ್ಕೆ ಪ್ರಶ್ನೆ ಕೇಳಿದ ಮೇಲೆ ಎರಡು ನಿಮಿಷ ಬಿಡಿ. ಆ ಎರಡು ನಿಮಿಷ ಸುಮ್ನೆ ನಿಲ್ಲಬೇಕಾಗಿಲ್ಲ, ಬೋರ್ಡ್ ಒರೆಸಿ, ಚಿತ್ರ ಬರೆಯಿರಿ, ಹಿಂದಿನ ಪ್ರಶ್ನೆಯ ಉತ್ತರಗಳನ್ನು ಓದಿ. "ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ, ಅವಸರ ಇಲ್ಲ" ಅಂತ ಬಾಯಿಬಿಟ್ಟು ಹೇಳಿ.

ಹೀಗೆ ಕಾಯಲು ಕಲಿತ ತರಗತಿಗಳಲ್ಲಿ ನಾನು ಕಂಡದ್ದು ಒಂದಿದೆ. ವರ್ಷಪೂರ್ತಿ ಬಾಯಿ ಬಿಡದ ಮಕ್ಕಳು ಚಾಟ್‌ನಲ್ಲಿ ಕೇಳುತ್ತಾರೆ. ತೊದಲುವ ಹುಡುಗ, ಕನ್ನಡ ಮನೆಮಾತಲ್ಲದ ಹುಡುಗಿ, ಎದ್ದು ನಿಂತರೆ ಎಲ್ಲರೂ ನಗುತ್ತಾರೆ ಅಂತ ಹೆದರುವವರು. ಅವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ, ಕಾಗುಣಿತ ತಪ್ಪಿದರೆ, ದಯವಿಟ್ಟು ಅಲ್ಲೇ ಎಲ್ಲರ ಎದುರು ತಿದ್ದಬೇಡಿ. ಪ್ರಶ್ನೆಗೆ ಉತ್ತರ ಕೊಡಿ. ಬರೆಯಲು ಕಷ್ಟವಾದವರು ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಲಿ.

ಚಾಟ್ ಅಂದಾಗ ಒಂದು ತಾಂತ್ರಿಕ ವಿಷಯ. ಯೂಟ್ಯೂಬ್‌ನಲ್ಲಿ ವಿಡಿಯೋವನ್ನು 'ಮಕ್ಕಳಿಗಾಗಿ' ಅಂತ ಗುರುತು ಮಾಡಿದರೆ ಲೈವ್ ಚಾಟ್ ಬಂದ್ ಆಗುತ್ತದೆ. ಚಿಕ್ಕ ಮಕ್ಕಳ ಪಾಠಕ್ಕೆ ಹಾಗೆ ಗುರುತು ಮಾಡಬೇಕಾದದ್ದೇ, ಆಗ ಪ್ರಶ್ನೆಗೆ ವಾಟ್ಸಾಪ್ ಗುಂಪು ಇಟ್ಟುಕೊಳ್ಳಿ. ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ 'ಅನ್‌ಲಿಸ್ಟೆಡ್' ಮಾಡಿ. ಹೊಸ ಚಾನೆಲ್‌ನಲ್ಲಿ ಲೈವ್ ಅನುಮತಿ ಬರಲು 24 ಗಂಟೆಯವರೆಗೂ ಹಿಡಿಯುತ್ತದೆ, ಫೋನಿನಿಂದ ಲೈವ್ ಮಾಡಲು ಕನಿಷ್ಠ 50 ಸಬ್‌ಸ್ಕ್ರೈಬರ್ ಬೇಕು, ಹಾಗಾಗಿ ಪಾಠದ ದಿನ ಬೆಳಗ್ಗೆ ಶುರು ಮಾಡಿದರೆ ಆಗುವುದಿಲ್ಲ. 2025ರ ಜುಲೈಯಿಂದ 16 ವರ್ಷಕ್ಕಿಂತ ಚಿಕ್ಕವರು ತಾವೊಬ್ಬರೇ ಲೈವ್ ಮಾಡುವಂತಿಲ್ಲ. ಮಕ್ಕಳ ಕೈಲಿ ಚಾನೆಲ್ ಕೊಡಬೇಡಿ. ಮಕ್ಕಳ ಮುಖ, ಹೆಸರು ಪ್ರಸಾರದಲ್ಲಿ ಹೋಗುವುದಾದರೆ ಪೋಷಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. 2023ರ ಡೇಟಾ ರಕ್ಷಣೆ ಕಾಯ್ದೆ 18ರೊಳಗಿನ ಮಕ್ಕಳ ವಿವರ ಬಳಸಲು ಪೋಷಕರ ಒಪ್ಪಿಗೆ ಕೇಳುತ್ತದೆ. ವಿಶೇಷ ಚೇತನ ಮಗುವನ್ನು ಕ್ಯಾಮೆರಾ ಮುಂದೆ ತಂದು ನಮ್ಮ ಶಾಲೆ ಎಷ್ಟು ಒಳ್ಳೆಯದು ಅಂತ ತೋರಿಸುವುದನ್ನಂತೂ ಮಾಡಲೇಬಾರದು.

ಆಮೇಲೆ ನೋಡುವ ಮಗುವಿಗೆ ಬರೋಣ. ಲೈವ್ ಮುಗಿದ ಮೇಲೆ ರೆಕಾರ್ಡಿಂಗ್ ಉಳಿಯುತ್ತದೆ, ಪ್ರಸಾರ 12 ಗಂಟೆಯೊಳಗಿದ್ದರೆ ಯೂಟ್ಯೂಬ್ ತಾನೇ ಉಳಿಸುತ್ತದೆ. ಆದರೆ ಐವತ್ತು ನಿಮಿಷದ ರೆಕಾರ್ಡಿಂಗ್ ಅನ್ನು ಹಾಗೇ ಕೊಟ್ಟರೆ ಓದಲು ಕಷ್ಟಪಡುವ ಮಗು ಅದರಲ್ಲಿ ಏನು ಹುಡುಕಬೇಕು? ಕೆಳಗೆ ವಿವರಣೆಯಲ್ಲಿ ಯಾವ ನಿಮಿಷದಲ್ಲಿ ಏನಿದೆ ಅಂತ ಬರೆಯಿರಿ. ಗಮನ ಬೇಗ ಚದುರುವ ಮಕ್ಕಳಿಗೆ ಇದು ದೊಡ್ಡ ಉಪಕಾರ. ವೇಗವನ್ನು ಮುಕ್ಕಾಲಿಗೆ ಇಳಿಸಿ ಕೇಳುವುದನ್ನು ಮಕ್ಕಳಿಗೆ ಹೇಳಿಕೊಡಿ. ತರಗತಿಯಲ್ಲಿ "ಇನ್ನೊಂದ್ಸಲ ಹೇಳಿ ಮಿಸ್" ಅಂತ ಕೇಳಲು ನಾಚುವ ಮಗು ಮನೆಯಲ್ಲಿ ಹತ್ತು ಸಲ ಹಿಂದಕ್ಕೆ ಹಾಕಿ ಕೇಳುತ್ತದೆ, ಬೇಸರ ಮಾಡಿಕೊಳ್ಳುವವರು ಅಲ್ಲಿ ಯಾರೂ ಇಲ್ಲ. ಕರೆಂಟ್ ಹೋಗಿ ಪ್ರಸಾರ ತುಂಡಾದರೂ ಪಾಠ ಉಳಿಯಲಿ ಅಂತ ಇನ್ನೊಂದು ಫೋನಿನಲ್ಲಿ ಪಕ್ಕದಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಬಸ್ಸಿನಲ್ಲಿ ಕಳಿಸಿದರೂ ಆಗುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು, ಅದರ ಹಿನ್ನೀರಿನ ಆಚೆ ಉಳಿದದ್ದು ತುಮರಿ. ತುಮರಿ ಕಡೆಯ ಶಿಕ್ಷಕರೂ ಮಕ್ಕಳೂ 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಗುವವರೆಗೆ ಲಾಂಚ್ ಕಾದುಕೊಂಡೇ ಓಡಾಡಿದರು. ಅರವತ್ತು ವರ್ಷ ಅದು! ಈಗ ಸೇತುವೆ ಇದೆ, ಪೆನ್‌ಡ್ರೈವ್ ದಿನಾ ದಾಟಬಹುದು. ಸಿಗ್ನಲ್ ಪೂರ್ತಿ ಬರುವವರೆಗೆ ಕಾಯುತ್ತಾ ಕೂತರೆ ಈಗಿನ ಎಂಟನೇ ತರಗತಿ ಮಕ್ಕಳು ಕಾಲೇಜು ಮುಗಿಸಿರುತ್ತಾರೆ.

ಆ ಕಡೆಯ ಕೋಣೆಯಲ್ಲಿ ಒಬ್ಬ ದೊಡ್ಡವರು ಇರಲೇಬೇಕು. ನಮ್ಮಲ್ಲಿ ಹತ್ತು ಹದಿನೈದು ಮಕ್ಕಳ ಶಾಲೆಗಳು ಬಹಳ, ಗಣಿತಕ್ಕೆ ವಿಜ್ಞಾನಕ್ಕೆ ಮೇಷ್ಟ್ರು ಇಲ್ಲದ ಶಾಲೆಗಳೂ ಬಹಳ. ಒಬ್ಬ ಗಣಿತ ಶಿಕ್ಷಕಿ ನಾಲ್ಕು ಶಾಲೆಗೆ ಲೈವ್ ಮಾಡಬಹುದು, ಒಪ್ಪುತ್ತೇನೆ. ಆದರೆ ಟಿವಿ ಹಾಕಿ ಮಕ್ಕಳನ್ನು ಕೂರಿಸಿ ಹೊರಗೆ ಹೋದರೆ ಮೊದಲು ಕಳೆದುಹೋಗುವುದು ವಿಶೇಷ ಗಮನ ಬೇಕಾದ ಮಗುವೇ. ಕೋಣೆಯಲ್ಲಿರುವವರಿಗೆ ಗಣಿತ ಗೊತ್ತಿರಬೇಕಾಗಿಲ್ಲ. ಮಕ್ಕಳ ಮುಖ ಓದಲು ಗೊತ್ತಿದ್ದರೆ ಸಾಕು. "ಟೀಚರ್, ಇಲ್ಲಿ ಇಬ್ಬರಿಗೆ ಅರ್ಥ ಆಗಿಲ್ಲ, ಭಿನ್ನರಾಶಿಯನ್ನು ಇನ್ನೊಮ್ಮೆ ಹೇಳಿ" ಅಂತ ಮಕ್ಕಳ ಪರವಾಗಿ ಕೇಳುವವರು ಬೇಕು. ತಾಳಮದ್ದಳೆಯಲ್ಲೂ ಎದುರು ಕೂತ ಅರ್ಥಧಾರಿ ಕೆಣಕಿ ಕೇಳಿದಾಗಲೇ ಈ ಕಡೆಯವರ ಮಾತು ಬಿಚ್ಚಿಕೊಳ್ಳುವುದು.

ಶಾಲೆಗೆ ಬರಲಾಗದೆ ಮನೆಯಲ್ಲೇ ಕಲಿಯುವ ಮಕ್ಕಳ ವಿಷಯ ಹೇಳದೆ ನನಗೆ ಮುಗಿಸಲಾಗುವುದಿಲ್ಲ. ಗೃಹಾಧಾರಿತ ಶಿಕ್ಷಣದಲ್ಲಿ ಬಿಐಇಆರ್‌ಟಿಗಳು, ಅಂದರೆ ವಿಶೇಷ ಚೇತನ ಮಕ್ಕಳಿಗೋಸ್ಕರ ತಾಲೂಕಿಗೆ ಇರುವ ಸಂಪನ್ಮೂಲ ಶಿಕ್ಷಕರು, ಮನೆಗೆ ಹೋಗಿ ಕಲಿಸುತ್ತಾರೆ. ಗುಡ್ಡ ಕಣಿವೆಯ ದಾರಿಯಲ್ಲಿ, ಇಡೀ ತಾಲೂಕು ಸುತ್ತಿ. ಅವರ ಕೆಲಸದ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಆ ಮಗುವಿಗೆ ಸಿಗದಿರುವುದು ಸಹಪಾಠಿಗಳು. ಇಲ್ಲಿ ಮಾತ್ರ ನಾನು ಪೂರ್ತಿ ನೇರ ಪ್ರಸಾರದ ಪರ. ಯೂಟ್ಯೂಬ್ ಬೇಡ, ಸುಮ್ನೆ ಒಂದು ವಿಡಿಯೋ ಕಾಲ್ ಸಾಕು. ತರಗತಿಯಲ್ಲಿ ಒಂದು ಬೆಂಚಿನ ಮೇಲೆ ಫೋನ್ ನಿಲ್ಲಿಸಿ, ಬೆಳಗಿನ ಪ್ರಾರ್ಥನೆಯಿಂದ ಮೊದಲ ಪಿರಿಯಡ್ ಮುಗಿಯುವವರೆಗೆ. ಹಾಜರಿ ಕೂಗುವಾಗ ಅವಳ ಹೆಸರನ್ನೂ ಕೂಗಿ, "ಎಸ್ ಮಿಸ್" ಅನ್ನುವವರೆಗೆ ಕಾಯಿರಿ. ಮಾತು ಬಾರದ ಮಗುವಾದರೆ ಕೈ ಎತ್ತಲಿ, ಗಂಟೆ ಬಾರಿಸಲಿ. ಪಕ್ಕದಲ್ಲಿ ಕೂರುವ ಗೆಳತಿಯರು ಸರದಿ ಹಾಕಿಕೊಳ್ಳಲಿ, ಬೋರ್ಡ್ ಕಾಣದಿದ್ದರೆ ಅವರೇ ಫೋನ್ ತಿರುಗಿಸುತ್ತಾರೆ. ಸಿಗ್ನಲ್ ಹೋದ ದಿನ ಅವರೇ ಸಂಜೆ ಮನೆಗೆ ಹೋಗಿ ನೋಟ್ಸ್ ಕೊಡುತ್ತಾರೆ. ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಡಬೇಕಾಗುವುದಿಲ್ಲ, ಅವಕಾಶ ಕೊಟ್ಟರೆ ಸಾಕು.

ಈಗ ಊಟಕ್ಕೆ ಮೊದಲು ಒಂದು ಕೆಲಸ ಇದೆ. ಎಲ್ಲರೂ ನಿಮ್ಮ ಹಳೆಯ ಒಂದು ಪಾಠದ ವಿಡಿಯೋ ತೆರೆಯಿರಿ. ಫೋನನ್ನು ಕವುಚಿ ಇಟ್ಟು ಐದು ನಿಮಿಷ ಬರೀ ಕೇಳಿ, ಎಲ್ಲಿ ಪಾಠ ಕೈತಪ್ಪಿತು ಅಂತ ಗುರುತು ಹಾಕಿಕೊಳ್ಳಿ. ಆಮೇಲೆ ಸದ್ದು ಪೂರ್ತಿ ತೆಗೆದು ಮತ್ತೆ ಐದು ನಿಮಿಷ ಬರೀ ನೋಡಿ. ಕೊನೆಗೆ ಪಕ್ಕದವರ ಪಾಠವನ್ನು ಮಧ್ಯದಿಂದ ಶುರು ಮಾಡಿ, ಏನು ನಡೆಯುತ್ತಿದೆ ಅಂತ ಗೊತ್ತಾಗಲು ಎಷ್ಟು ಹೊತ್ತು ಬೇಕಾಯಿತು ಬರೆಯಿರಿ. ಊಟ ಆದಮೇಲೆ ಆ ಗುರುತುಗಳನ್ನು ಇಟ್ಟುಕೊಂಡೇ ಮುಂದಿನ ವಾರದ ಒಂದು ಪಾಠವನ್ನು ಇಬ್ಬಿಬ್ಬರಾಗಿ ಕೂತು ಕಟ್ಟೋಣ. ಕಾಲರ್ ಮೈಕ್‌ಗಳು ಈ ಮೇಜಿನ ಮೇಲೆ ಇವೆ, ತೆಗೆದುಕೊಂಡು ಬಳಸಿ ನೋಡಿ.